ಯಕೃತ್ತಿನ ವರದಿ: ಅಂಕಿಯನ್ನು ಎಷ್ಟು ನಂಬಬೇಕು?

ಹಾಲಾಹಲವನ್ನು ಕುಡಿದು ಲೋಕವನ್ನು ಉಳಿಸಿದ ದೇವರೆಂದು ನಂಜುಂಡೇಶ್ವರನನ್ನು ಪೂಜಿಸುವ ಊರು ನಂಜನಗೂಡು. ಮನುಷ್ಯನ ಒಡಲಿನೊಳಗೂ ಇಂಥದೇ ಕೆಲಸಕ್ಕೆ ನೇಮಿತವಾದ ಒಂದು ಅವಯವವುಂಟು. ಅದೇ ಯಕೃತ್ತು, ಜನರ ಬಾಯಲ್ಲಿ ಇಂದು ಅದು ‘ಲಿವರ್’. ಸುಮಾರು ಒಂದೂವರೆ ಕಿಲೋಗ್ರಾಂ ತೂಗುವ ಈ ಅವಯವ ಹೊಟ್ಟೆಯ ಬಲಭಾಗದ ಮೇಲ್ಗಡೆ, ಪಕ್ಕೆಲುಬುಗಳ ಮರೆಯಲ್ಲಿದೆ. ಕರುಳು ಹೀರಿಕೊಂಡ ಸತ್ವಗಳನ್ನು ಹೊತ್ತ ರಕ್ತವು ಮೊದಲು ಇದನ್ನು ಹಾಯ್ದು ಬಳಿಕ ಹೃದಯವನ್ನು ಸೇರುತ್ತದೆ. ಮದ್ಯವಾಗಲಿ ಔಷಧವಾಗಲಿ, ಅದರ ನಂಜು ಮುರಿಯುವುದು ಬಹುಮಟ್ಟಿಗೆ ಇಲ್ಲಿಯೇ. ಹೀಗೆ ವಿಷವನ್ನೇ ಅರಗಿಸಬಲ್ಲ ಯಕೃತ್ತಿಗೆ ಮಿತಿಮೀರಿದ ಅನ್ನ ಸಕ್ಕರೆಗಳು ಭಾರವಾಗುತ್ತಿರುವುದು ನಮ್ಮ ಕಾಲದ ವಿಪರ್ಯಾಸ.

ದೇಹದ ಖರ್ಚಿಗಿಂತ ಹೆಚ್ಚಾಗಿ ಒದಗಿದ ಆಹಾರದ ಒಂದು ಭಾಗವನ್ನು ಯಕೃತ್ತು ಕೊಬ್ಬಾಗಿ ಮಾರ್ಪಡಿಸಿ ತನ್ನ ಜೀವಕೋಶಗಳಲ್ಲಿ ಕೂಡಿಡುತ್ತದೆ. ಆ ಕೊಬ್ಬು ಯಕೃತ್ತಿನ ಶೇಕಡ ೫ನ್ನು ಮೀರಿದರೆ ಅದಕ್ಕೆ ‘ಫ್ಯಾಟಿ ಲಿವರ್’ ಎಂದು ಹೆಸರು. ಬಹುಮಂದಿಯಲ್ಲಿ ಸಂಗತಿ ಅಷ್ಟಕ್ಕೇ ನಿಲ್ಲುತ್ತದೆ. ಕೆಲವರಲ್ಲಿ ಕೊಬ್ಬಿನಿಂದ ಉರಿಯೂತವುಂಟಾಗಿ, ಯಕೃತ್ತು ಮೆಲ್ಲಮೆಲ್ಲನೆ ನಾರುಗಟ್ಟುತ್ತ ಹೋಗುತ್ತದೆ. ಅವರಲ್ಲಿಯೂ ಕೆಲವರಿಗೆ ಅದು ಸಿರೋಸಿಸ್ ಎಂಬ ಕಠಿಣ ಸ್ಥಿತಿಗೆ ಮುಟ್ಟುತ್ತದೆ. ಇದಕ್ಕೆ ಹಿಡಿಯುವ ಕಾಲ ವರ್ಷಗಳು, ಹಲವು ವೇಳೆ ದಶಕಗಳು. ಅಷ್ಟೂ ಕಾಲ ನೋವಿಲ್ಲ, ಜ್ವರವಿಲ್ಲ. ಮದ್ಯವನ್ನು ಕುಡಿಯದವರಲ್ಲಿಯೂ ಇಂಥ ಉರಿಯೂತ ಬರುವುದನ್ನು ಅಮೆರಿಕದ ಮೇಯೊ ಕ್ಲಿನಿಕ್ಕಿನ ಯುರ್ಗನ್ ಲುಡ್ವಿಗ್ ಮತ್ತು ಸಂಗಡಿಗರು ೧೯೮೦ರಲ್ಲಿ ವಿವರಿಸಿ ಹೆಸರಿಟ್ಟರು. ಭಾರತ ಸರ್ಕಾರವು ೨೦೨೧ರಲ್ಲಿ ಈ ರೋಗವನ್ನು ಸಾಂಕ್ರಾಮಿಕವಲ್ಲದ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿಕೊಂಡಿತು. ೨೦೨೪ರ ಸೆಪ್ಟೆಂಬರಿನಲ್ಲಿ ಪರಿಷ್ಕೃತ ಮಾರ್ಗಸೂಚಿಯನ್ನು ಹೊರಡಿಸಿತು. ನಮ್ಮ ಜನಸಂಖ್ಯೆಯಲ್ಲಿ ಇದರ ಪ್ರಮಾಣ ಶೇಕಡ ೯ರಿಂದ ೩೨ ಎಂದು ಸರ್ಕಾರವೇ ಹೇಳಿದೆ. ಒಂಬತ್ತೆಲ್ಲಿ, ಮೂವತ್ತೆರಡೆಲ್ಲಿ! ಯಾರನ್ನು ಪರೀಕ್ಷಿಸಿದರು, ಯಾವ ಸಾಧನದಿಂದ ಪರೀಕ್ಷಿಸಿದರು ಎಂಬುದನ್ನನುಸರಿಸಿ ಅಂಕಿ ಬದಲಾಗುತ್ತದೆ. ದೇಶದ ಅಂಕಿಗೆ ಸಲ್ಲುವ ಈ ಮಾತು ಒಬ್ಬ ಮನುಷ್ಯನ ವರದಿಗೂ ಸಲ್ಲುತ್ತದೆ ಎಂಬುದೇ ಈ ಲೇಖನದ ವಿಷಯ.

ಭೌತಶಾಸ್ತ್ರದ ಅಧ್ಯಾಪಕನಿಗೆ ವೈದ್ಯರ ವಿಷಯದಲ್ಲೇನು ಕೆಲಸ ಎಂದು ವಾಚಕರು ಕೇಳಬಹುದು. ರೋಗವನ್ನು ನಿರ್ಣಯಿಸುವುದು ವೈದ್ಯರ ಕೆಲಸ. ಆದರೆ ಅಳತೆ ಎಂಬುದು ಎಲ್ಲ ವಿಜ್ಞಾನಗಳ ಸಮಾನ ಆಸ್ತಿ. ಆರೋಗ್ಯ ಶಿಬಿರಗಳು ಇಂದು ಹಳ್ಳಿಹಳ್ಳಿಗೂ ಬರುತ್ತಿವೆ. ಅಲ್ಲಿಂದ ತಂದ ಕಾಗದವನ್ನು ತಂದೆಯೋ ಚಿಕ್ಕಪ್ಪನೋ ಮನೆಯ ವಿದ್ಯಾರ್ಥಿಯ ಕೈಗಿಟ್ಟು, “ಓದಿದೋನು ನೀನು, ಇದೇನು ನೋಡು ಮಗ” ಎನ್ನುತ್ತಾರೆ. ವಿದ್ಯಾರ್ಥಿಯು ದಪ್ಪಕ್ಷರದ ಅಂಕಿಯೊಂದನ್ನು ನೋಡಿ ಬೆದರಬಹುದು. ಇಲ್ಲವೆ ‘ನಾರ್ಮಲ್’ ಎಂಬ ಮಾತನ್ನು ನೋಡಿ ಕಾಗದವನ್ನು ಮಡಿಸಿಡಬಹುದು. ಬೆದರಿದ ಮನೆಯವರು ನಾಲ್ಕು ಕಡೆ ಅದೇ ಪರೀಕ್ಷೆಯನ್ನು ಮಾಡಿಸಿ, ನಾಲ್ಕು ಬೇರೆ ಅಂಕಿಗಳನ್ನು ತಂದು ಮತ್ತಷ್ಟು ಬೆದರುತ್ತಾರೆ. ಮಡಿಸಿಟ್ಟವರು ಹತ್ತು ವರ್ಷ ಕಳೆದ ಮೇಲೆ, ಹೊಟ್ಟೆಯಲ್ಲಿ ನೀರು ತುಂಬಿದಾಗ ಎಚ್ಚರಗೊಳ್ಳುತ್ತಾರೆ. ಎರಡೂ ಅನಾಹುತಗಳ ಮೂಲ ಒಂದೇ: ಅಳತೆಯನ್ನು ತೀರ್ಪೆಂದು ಓದುವುದು.

ಶಿಬಿರದಲ್ಲಿ ಸಾಮಾನ್ಯವಾಗಿ ಮೊದಲು ನಡೆಯುವುದು ಅಲ್ಟ್ರಾಸೌಂಡ್ ಪರೀಕ್ಷೆ. ಸೆಕೆಂಡಿಗೆ ಇಪ್ಪತ್ತರಿಂದ ಐವತ್ತು ಲಕ್ಷ ಕಂಪನಗಳ ಧ್ವನಿಯನ್ನು ಒಡಲಿಗೆ ಕಳುಹಿಸಿ, ಮರಳಿಬರುವ ಪ್ರತಿಧ್ವನಿಯಿಂದ ಚಿತ್ರವನ್ನು ರಚಿಸುತ್ತಾರೆ. ಕೊಬ್ಬಿನ ಹನಿಗಳು ಧ್ವನಿಯನ್ನು ಹೆಚ್ಚಾಗಿ ಚದರಿಸುವುದರಿಂದ ಕೊಬ್ಬುಗೂಡಿದ ಯಕೃತ್ತು ಪಕ್ಕದ ಮೂತ್ರಪಿಂಡಕ್ಕಿಂತ ಬೆಳ್ಳಗೆ ಕಾಣುತ್ತದೆ. ಎಷ್ಟು ಬೆಳ್ಳಗೆ ಎಂಬುದನ್ನು ಕಣ್ಣಿನಿಂದ ಅಂದಾಜು ಮಾಡಿ ‘ಗ್ರೇಡ್ ೧’, ‘ಗ್ರೇಡ್ ೨’, ‘ಗ್ರೇಡ್ ೩’ ಎಂದು ಬರೆಯುತ್ತಾರೆ. ಯಂತ್ರವನ್ನು ಎಷ್ಟು ಪ್ರಖರತೆಗೆ ಇಟ್ಟಿದ್ದಾರೆ, ಹೊಟ್ಟೆಯ ಚರ್ಮದಡಿಯ ಕೊಬ್ಬು ಎಷ್ಟು ದಪ್ಪವಾಗಿದೆ, ನೋಡುವವರ ಅನುಭವವೆಷ್ಟು ಎಂಬುದೆಲ್ಲ ಈ ಅಂದಾಜಿನಲ್ಲಿ ಸೇರಿಕೊಳ್ಳುತ್ತದೆ. ಒಂದೇ ಯಕೃತ್ತಿಗೆ ಒಬ್ಬರು ಒಂದನೆಯ ಗ್ರೇಡನ್ನೂ ಇನ್ನೊಬ್ಬರು ಎರಡನೆಯದನ್ನೂ ಕೊಟ್ಟರೆ ಆಶ್ಚರ್ಯಪಡಬೇಕಾಗಿಲ್ಲ. ಕೊಬ್ಬು ಶೇಕಡ ೨೦ಕ್ಕಿಂತ ಕಡಿಮೆಯಿದ್ದಾಗ ಈ ಪರೀಕ್ಷೆಗೆ ಅದು ಕಾಣದೆಯೂ ಹೋಗಬಹುದು. ಇನ್ನೂ ಮುಖ್ಯವಾದುದೆಂದರೆ, ಗ್ರೇಡು ಹೇಳುವುದು ಕೊಬ್ಬಿನ ಮಾತನ್ನು. ಮುಂದಿನ ಅಪಾಯವನ್ನು ನಿರ್ಧರಿಸುವ ನಾರಿನ ಮಾತನ್ನಲ್ಲ.

ಎರಡನೆಯದು ರಕ್ತಪರೀಕ್ಷೆ. ಯಕೃತ್ತಿನ ಕೋಶಗಳಿಗೆ ಪೆಟ್ಟಾದಾಗ ಎ.ಎಲ್.ಟಿ. ಎಂಬ ಕಿಣ್ವವು ರಕ್ತಕ್ಕೆ ಸೋರುತ್ತದೆ. ಹಳೆಯ ವರದಿಗಳಲ್ಲಿ ಇದರ ಹೆಸರು ಎಸ್.ಜಿ.ಪಿ.ಟಿ. ಲೀಟರಿಗೆ ೪೦ ಯೂನಿಟ್ಟಿನ ಸುಮಾರನ್ನು ಇದರ ಮೇಲಿನ ಗಡಿಯಾಗಿ ಬಹುಕಾಲ ಬಳಸಿದ್ದಾರೆ. ಆದರೆ ಇಟಲಿಯ ಸಂಶೋಧಕರು ೨೦೦೨ರಲ್ಲಿ, ಆರೋಗ್ಯವಂತರನ್ನು ಹೆಚ್ಚು ಕಟ್ಟುನಿಟ್ಟಾಗಿ ಆರಿಸಿ ಲೆಕ್ಕ ಹಾಕಿದರೆ ಗಂಡಸರಿಗೆ ೩೦, ಹೆಂಗಸರಿಗೆ ೧೯ ಸಾಕೆಂದು ತೋರಿಸಿದರು. ಗಡಿಯ ಕಲ್ಲೇ ಹೀಗೆ ಸರಿಯುವಂಥದು. ಯಕೃತ್ತಿನಲ್ಲಿ ಕೊಬ್ಬಿದ್ದೂ ಈ ಕಿಣ್ವ ಗಡಿಯೊಳಗೇ ಇರುವುದು ಸಾಮಾನ್ಯ. ಒಬ್ಬನಲ್ಲಿಯೇ ಇದು ದಿನದಿಂದ ದಿನಕ್ಕೆ ಏರಿಳಿಯುವುದೂ ಸಾಮಾನ್ಯ.

‘ಗಡಿ’ ಎಂದರೇನೆಂಬುದನ್ನು ಇಲ್ಲಿಯೇ ತಿಳಿಯುವುದು ಒಳ್ಳೆಯದು. ಆರೋಗ್ಯವಂತರೆಂದು ಆರಿಸಿದವರಲ್ಲಿ ನಡುವಿನ ಶೇಕಡ ೯೫ ಮಂದಿಯ ಅಂಕಿಗಳು ಎಲ್ಲಿಂದ ಎಲ್ಲಿಯವರೆಗೆ ಹರಡಿವೆಯೋ ಅದನ್ನೇ ಸಾಮಾನ್ಯವಾಗಿ ‘ನಾರ್ಮಲ್’ ಎಂದು ಮುದ್ರಿಸುತ್ತಾರೆ. ಅಂದರೆ ನೂರು ಆರೋಗ್ಯವಂತರಲ್ಲಿ ಐವರು ಗಡಿಯ ಹೊರಗೆ ಬಿದ್ದೇ ಬೀಳುತ್ತಾರೆ. ಒಂದೇ ಬಾರಿಗೆ ಇಪ್ಪತ್ತು ಪರೀಕ್ಷೆಗಳನ್ನು ಮಾಡಿಸಿದರೆ, ಮತ್ತು ಅವು ಒಂದಕ್ಕೊಂದು ಸಂಬಂಧಿಸಿಲ್ಲವೆಂದು ಭಾವಿಸಿದರೆ, ಎಲ್ಲವೂ ಗಡಿಯೊಳಗೆ ಬರುವ ಸಂಭವ ೦.೯೫ರ ಇಪ್ಪತ್ತನೆಯ ಘಾತ, ಅಂದರೆ ೦.೩೬. ಯಾವ ರೋಗವೂ ಇಲ್ಲದ ಮನುಷ್ಯನಿಗೆ ಕನಿಷ್ಠ ಒಂದಾದರೂ ದಪ್ಪಕ್ಷರದ ಅಂಕಿ ಬರುವ ಸಂಭವ ಶೇಕಡ ೬೪! ಈ ಲೆಕ್ಕವನ್ನು ಪ್ರಥಮ ಪಿ.ಯು.ಸಿ. ವಿದ್ಯಾರ್ಥಿ ಐದು ನಿಮಿಷದಲ್ಲಿ ಮಾಡಬಲ್ಲ.

ಹಾಗಾದರೆ ಗಡಿಗೆ ಅರ್ಥವೇ ಇಲ್ಲವೆ? ಉಂಟು. ತಿರುಮಕೂಡಲು ನರಸೀಪುರದಲ್ಲಿ ಕಪಿಲೆ ಕಾವೇರಿಯನ್ನು ಕೂಡುತ್ತಾಳೆ. ಸಂಗಮದ ನಡುವೆ ನಿಂತು, ಇಲ್ಲಿಯವರೆಗೆ ಕಪಿಲೆಯ ನೀರು, ಇಲ್ಲಿಂದಾಚೆ ಕಾವೇರಿಯ ನೀರು ಎಂದು ಗೂಟ ಹೊಡೆಯಲಾಗದು. ಆದರೆ ನಂಜನಗೂಡಿನ ಸೋಪಾನದ ಮೇಲೆ ನಿಂತವನಿಗೆ ತಾನು ಯಾವ ನದಿಯಲ್ಲಿ ಮೀಯುತ್ತಿದ್ದೇನೆಂಬ ಸಂದೇಹ ಬಾರದು. ವರದಿಯ ಅಂಕಿಗಳೂ ಹೀಗೆಯೇ. ಗಡಿಯಿಂದ ಬಹುದೂರವಿರುವ ಅಂಕಿ ಸ್ಪಷ್ಟವಾಗಿ ಮಾತನಾಡುತ್ತದೆ. ಗಡಿಯ ಬಳಿಯದು ತೊದಲುತ್ತದೆ. ತೊದಲನ್ನು ತೊದಲೆಂದೇ ಕೇಳಬೇಕು.

ಮೂರನೆಯದು ‘ಫಿಬ್-೪’ ಎಂಬ ಒಂದು ಸೂತ್ರ. ಇದು ೨೦೦೬ರಲ್ಲಿ ಬಳಕೆಗೆ ಬಂದಿತು. ರೋಗಿಯ ವಯಸ್ಸನ್ನು ಎ.ಎಸ್.ಟಿ. ಕಿಣ್ವದ ಅಂಕಿಯಿಂದ ಗುಣಿಸಬೇಕು. ಬಂದುದನ್ನು, ಸಾವಿರಗಳಲ್ಲಿ ಎಣಿಸಿದ ಪ್ಲೇಟ್‌ಲೆಟ್ ಸಂಖ್ಯೆ ಮತ್ತು ಎ.ಎಲ್.ಟಿ.ಯ ವರ್ಗಮೂಲ ಇವುಗಳ ಗುಣಲಬ್ಧದಿಂದ ಭಾಗಿಸಬೇಕು. ಉತ್ತರ ೧.೩ಕ್ಕಿಂತ ಕಡಿಮೆಯಾದರೆ ಯಕೃತ್ತು ಹೆಚ್ಚಾಗಿ ನಾರುಗಟ್ಟಿರುವ ಸಂಭವ ಅತ್ಯಲ್ಪ, ೨.೬೭ನ್ನು ಮೀರಿದರೆ ಸಂಭವ ಹೆಚ್ಚು. ನಡುವೆ ಬಂದರೆ ಹೇಳಲಾಗದು. ೪೫ ವರ್ಷದ ಒಬ್ಬರನ್ನು ಊಹಿಸಿಕೊಳ್ಳಿ. ಎ.ಎಸ್.ಟಿ. ೩೮, ಎ.ಎಲ್.ಟಿ. ೪೨, ಪ್ಲೇಟ್‌ಲೆಟ್ ೨ ಲಕ್ಷ ೧೦ ಸಾವಿರ. ಉತ್ತರ ೧.೨೬, ನೆಮ್ಮದಿ. ಮುಂದಿನ ತಿಂಗಳು ಎ.ಎಸ್.ಟಿ. ೪೨ಕ್ಕೇರಿ ಪ್ಲೇಟ್‌ಲೆಟ್ ೨ ಲಕ್ಷಕ್ಕಿಳಿದರೆ ಉತ್ತರ ೧.೪೬, ಸಂದೇಹ. ಇಷ್ಟು ಏರಿಳಿತ ಆರೋಗ್ಯವಂತರಲ್ಲಿಯೂ ನಡೆಯತಕ್ಕದ್ದೇ. ಅಷ್ಟೇಕೆ, ರಕ್ತದ ಅಂಕಿಗಳು ಕದಲದೆ ನಿಂತು ಅವರಿಗೆ ೪೭ ವರ್ಷ ತುಂಬಿದರೂ ಉತ್ತರ ೧.೩೧ ಆಗಿ ಗೆರೆಯನ್ನು ದಾಟುತ್ತದೆ. ವಯಸ್ಸು ಸೂತ್ರದೊಳಗೇ ಇರುವುದರಿಂದ ೩೫ಕ್ಕಿಂತ ಕಿರಿಯರಲ್ಲಿ ಇದನ್ನು ನೆಚ್ಚುವಂತಿಲ್ಲ. ೬೫ ದಾಟಿದವರಿಗೆ ಕೆಳಗಿನ ಗೆರೆಯನ್ನು ೨ಕ್ಕೆ ಏರಿಸುತ್ತಾರೆ. ಆದರೂ ಈ ಸೂತ್ರದಲ್ಲಿ ನನಗೆ ಮೆಚ್ಚುಗೆಯಾದ ಗುಣವೊಂದಿದೆ. ‘ಹೌದು’, ‘ಅಲ್ಲ’ ಎಂಬೆರಡರ ನಡುವೆ ‘ತಿಳಿಯದು’ ಎಂಬುದಕ್ಕೂ ಅದು ಪ್ರಾಮಾಣಿಕವಾಗಿ ಒಂದು ಮನೆ ಕಟ್ಟಿಕೊಟ್ಟಿದೆ.

ಹಾಗೆ ತಿಳಿಯದೆ ಉಳಿದಾಗ ಮಾಡುವ ಪರೀಕ್ಷೆ ಫೈಬ್ರೋಸ್ಕ್ಯಾನ್. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಪರಿಚಿತ ತತ್ತ್ವ. ಪಕ್ಕೆಲುಬುಗಳ ನಡುವೆ ಚರ್ಮವನ್ನು ಸೆಕೆಂಡಿಗೆ ೫೦ರ ಕಂಪನದಿಂದ ಒಮ್ಮೆ ಮೃದುವಾಗಿ ತಟ್ಟಿದರೆ, ಯಕೃತ್ತಿನಲ್ಲಿ ಒಂದು ಅಡ್ಡ ಅಲೆ ಸಾಗುತ್ತದೆ. ಅಲ್ಟ್ರಾಸೌಂಡಿನಿಂದ ಆ ಅಲೆಯ ವೇಗವನ್ನು ಅಳೆಯುತ್ತಾರೆ. ನಾರುಗಟ್ಟಿದ ಯಕೃತ್ತು ಗಡುಸು. ಗಡುಸಾದ ವಸ್ತುವಿನಲ್ಲಿ ಅಲೆ ಬೇಗ ಸಾಗುತ್ತದೆ. ಸಾಂದ್ರತೆಯನ್ನು ವೇಗದ ವರ್ಗದಿಂದ ಗುಣಿಸಿ, ಅದರ ಮೂರರಷ್ಟನ್ನು ತೆಗೆದುಕೊಂಡರೆ ಯಂಗ್ ಗುಣಾಂಕ ದೊರೆಯುತ್ತದೆ. ಘನ ಮೀಟರಿಗೆ ೧೦೦೦ ಕಿಲೋಗ್ರಾಂ ಸಾಂದ್ರತೆಯನ್ನು ಹಿಡಿದರೆ, ಸೆಕೆಂಡಿಗೆ ೧.೬ ಮೀಟರು ವೇಗಕ್ಕೆ ೭.೭ ಕಿಲೋಪಾಸ್ಕಲ್, ೧.೭ ಮೀಟರಿಗೆ ೮.೭ ಕಿಲೋಪಾಸ್ಕಲ್, ೨ ಮೀಟರಿಗೆ ೧೨ ಕಿಲೋಪಾಸ್ಕಲ್. ವೈದ್ಯರು ಸಾಮಾನ್ಯವಾಗಿ ೮ಕ್ಕಿಂತ ಕೆಳಗಿನದನ್ನು ನಿರಪಾಯವೆಂದೂ ೧೨ಕ್ಕಿಂತ ಮೇಲಿನದನ್ನು ಗಂಭೀರವೆಂದೂ ಎಣಿಸುತ್ತಾರೆ. ಸೆಕೆಂಡಿಗೆ ಹತ್ತು ಸೆಂಟಿಮೀಟರಿನ ವ್ಯತ್ಯಾಸ ಮನುಷ್ಯನನ್ನು ಗೆರೆಯ ಈಚೆಯಿಂದ ಆಚೆಗೆ ದಾಟಿಸುತ್ತದೆ ನೋಡಿ! ವೇಗದ ವರ್ಗವನ್ನು ತೆಗೆದುಕೊಳ್ಳುವುದರಿಂದ ಅಳತೆಯ ದೋಷವೂ ಇಮ್ಮಡಿಯಾಗುತ್ತದೆ. ವೇಗದಲ್ಲಿ ಶೇಕಡ ೫ ತಪ್ಪಿದರೆ ಗಡುಸುತನದಲ್ಲಿ ಸುಮಾರು ಶೇಕಡ ೧೦. ಊಟವಾದ ಮೇಲೆ ಯಕೃತ್ತಿಗೆ ರಕ್ತದ ಹರಿವು ಹೆಚ್ಚಿ ಅಂಕಿ ಏರುವುದರಿಂದ ಮೂರು ಗಂಟೆ ಹೊಟ್ಟೆ ಖಾಲಿಯಿಟ್ಟು ಬರಹೇಳುತ್ತಾರೆ. ಹತ್ತು ಬಾರಿ ಅಳೆದು ಮಧ್ಯಕವನ್ನು ಬರೆಯುತ್ತಾರೆ. ಅಳತೆಗಳ ಹರವು ಎಷ್ಟೆಂಬುದನ್ನೂ ಪಕ್ಕದಲ್ಲಿ ನಮೂದಿಸುತ್ತಾರೆ. ಆ ಹರವನ್ನು ಓದದೆ ಮಧ್ಯಕವನ್ನು ಮಾತ್ರ ಓದುವುದು ಅರ್ಧ ಓದು.

ಕೊನೆಗೆ ಸೂಜಿಯಿಂದ ಯಕೃತ್ತಿನ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿಯಾದರೂ ನಿಸ್ಸಂದೇಹವೇ? ಆ ಚೂರು ಇಡೀ ಯಕೃತ್ತಿನ ಸುಮಾರು ಐವತ್ತು ಸಾವಿರದಲ್ಲೊಂದು ಭಾಗ. ಕೊಬ್ಬಾಗಲಿ ನಾರಾಗಲಿ ಎಲ್ಲ ಕಡೆಯೂ ಸಮನಾಗಿ ಹರಡಿರುವುದಿಲ್ಲ. ಅಂತಿಮ ಪ್ರಮಾಣವೆನಿಸಿದ ಪರೀಕ್ಷೆಗೂ ತನ್ನದೇ ಅನಿಶ್ಚಯವಿದೆ. ಅದು ಸೂಜಿಯ ಪರೀಕ್ಷೆಯಾದುದರಿಂದ ಅಲ್ಪವಾದರೂ ಅಪಾಯವೂ ಇದೆ. ಆದ ಕಾರಣ ವೈದ್ಯರು ಅದನ್ನು ಎಲ್ಲರಿಗೂ ಮಾಡುವುದಿಲ್ಲ.

ಪರೀಕ್ಷೆಯ ಗುಣವಲ್ಲದೆ, ಪರೀಕ್ಷೆಗೆ ಬಂದವರು ಯಾರು ಎಂಬುದೂ ಫಲಿತಾಂಶದ ಅರ್ಥವನ್ನು ಬದಲಾಯಿಸುತ್ತದೆ. ಒಂದು ಲೆಕ್ಕವನ್ನು ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಶಿಬಿರಕ್ಕೆ ೧೦೦೦ ಮಂದಿ ಬಂದರು; ಅವರಲ್ಲಿ ೫೦ ಮಂದಿಗೆ ನಿಜವಾಗಿ ಹೆಚ್ಚಿನ ನಾರುಗಟ್ಟುವಿಕೆಯಿದೆ. ರೋಗವುಳ್ಳವರಲ್ಲಿ ಶೇಕಡ ೮೦ ಮಂದಿಯನ್ನು ‘ಇದೆ’ ಎಂದೂ, ಇಲ್ಲದವರಲ್ಲಿ ಶೇಕಡ ೮೦ ಮಂದಿಯನ್ನು ‘ಇಲ್ಲ’ ಎಂದೂ ಹೇಳಬಲ್ಲ ಪರೀಕ್ಷೆಯೊಂದಿದೆ ಎನ್ನೋಣ. ಅದು ‘ಇದೆ’ ಎನ್ನುವುದು ರೋಗಿಗಳಲ್ಲಿ ೪೦ ಮಂದಿಗೆ, ಆರೋಗ್ಯವಂತರಲ್ಲಿ ೧೯೦ ಮಂದಿಗೆ. ‘ಇದೆ’ ಎನಿಸಿಕೊಂಡ ೨೩೦ ಮಂದಿಯಲ್ಲಿ ನಿಜವಾದ ರೋಗಿಗಳು ಆರರಲ್ಲಿ ಒಬ್ಬರು ಮಾತ್ರ. ಆದರೆ ‘ಇಲ್ಲ’ ಎನಿಸಿಕೊಂಡ ೭೭೦ ಮಂದಿಯಲ್ಲಿ ತಪ್ಪಿಹೋದವರು ೧೦ ಮಂದಿ. ಇದೇ ಪರೀಕ್ಷೆಯನ್ನು, ಸಾವಿರಕ್ಕೆ ೪೦೦ ರೋಗಿಗಳಿರುವ ದೊಡ್ಡಾಸ್ಪತ್ರೆಯಲ್ಲಿ ಮಾಡಿದರೆ, ‘ಇದೆ’ ಎನಿಸಿಕೊಂಡವರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ನಿಜವಾದ ರೋಗಿಗಳೇ. ಶಿಬಿರದ ‘ಇದೆ’ ಎಂಬ ಮಾತಿನ ಅರ್ಥ, ‘ಇನ್ನೊಮ್ಮೆ ಬೇರೊಂದು ಸಾಧನದಿಂದ ನೋಡಿಸಿಕೊಳ್ಳಿ’ ಎಂದಷ್ಟೆ. ಅದನ್ನು ಕೇಳಿ ಎದೆಗುಂದಬೇಕಾಗಿಲ್ಲ. ನೋಡಿಸಿಕೊಳ್ಳದೆ ಬಿಡಲೂ ಬಾರದು.

ಒಂದೊಂದೇ ಅಂಕಿ ಹೀಗೆ ದುರ್ಬಲವಾದರೂ, ಜೋಪಾನವಾಗಿ ಕೂಡಿಟ್ಟ ಅಂಕಿಗಳ ಸಾಲು ಬಲಶಾಲಿ. ಇದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ನಿದರ್ಶನವಿದೆ. ಮೈಸೂರಿನ ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಶಿಶುಗಳ ತೂಕ ಮತ್ತು ಉದ್ದವನ್ನು ಬರೆದಿಟ್ಟಿದ್ದರು. ದಶಕಗಳ ನಂತರ ಇಂಗ್ಲೆಂಡಿನ ಸೌದಾಂಪ್ಟನ್ನಿನ ಸಂಶೋಧಕರೂ ಇಲ್ಲಿಯ ವೈದ್ಯರೂ ಆ ಶಿಶುಗಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿ, ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಮುಂದೆ ಹೃದ್ರೋಗ ಹೆಚ್ಚೆಂಬುದನ್ನು ೧೯೯೬ರಲ್ಲಿ ಪ್ರಕಟಿಸಿದರು. ಒಂದು ಶಿಶುವಿನ ತೂಕ ಆ ಶಿಶುವಿನ ಭವಿಷ್ಯವನ್ನು ಹೇಳಲಾರದು. ನೂರಾರು ಶಿಶುಗಳ ತೂಕ ಲೋಕಕ್ಕೇ ಪಾಠ ಹೇಳಿತು. ಮನೆಯ ಹಿರಿಯರ ವರದಿಗಳನ್ನೂ ತಾರೀಖಿನ ಕ್ರಮದಲ್ಲಿ, ಸಾಧ್ಯವಾದರೆ ಒಂದೇ ಪ್ರಯೋಗಾಲಯದಿಂದ, ಒಂದೇ ಬಗೆಯ ಸ್ಥಿತಿಯಲ್ಲಿ ಮಾಡಿಸಿ ಕೂಡಿಟ್ಟರೆ, ಒಂದು ವರದಿ ಹೇಳದಿದ್ದುದನ್ನು ಐದು ವರದಿಗಳು ಹೇಳುತ್ತವೆ.

ಆದರೆ ಅಂಕಿ ತೊದಲುತ್ತಿರುವಾಗ ಏನು ಮಾಡಬೇಕು? ಸಂದೇಹ ಪೂರ್ತಿ ತೀರಲೆಂದು ಕಾಯಬೇಕೆ? ನನ್ನ ಅಭಿಪ್ರಾಯದಲ್ಲಿ, ಕಾಯಬೇಕಾಗಿಲ್ಲ. ಗ್ರೇಡು ಒಂದಿರಲಿ ಎರಡಿರಲಿ, ಗಡುಸುತನ ೭.೭ ಇರಲಿ ೮.೭ ಇರಲಿ, ಮೊದಲ ಚಿಕಿತ್ಸೆ ಒಂದೇ: ಮೈತೂಕವನ್ನು ಇಳಿಸುವುದು, ಸಕ್ಕರೆಯನ್ನೂ ಕರಿದ ತಿಂಡಿಯನ್ನೂ ಮಿತಗೊಳಿಸುವುದು, ದಿನವೂ ನಡೆಯುವುದು, ಮದ್ಯವನ್ನು ಬಿಡುವುದು, ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡುವುದು. ಮೈತೂಕದ ಶೇಕಡ ೫ ಇಳಿದರೆ ಯಕೃತ್ತಿನ ಕೊಬ್ಬು ಕರಗತೊಡಗುತ್ತದೆ. ಶೇಕಡ ೭ರಿಂದ ೧೦ ಇಳಿದರೆ ಉರಿಯೂತವೂ ತಗ್ಗುತ್ತದೆ. ಅದಕ್ಕೂ ಮೀರಿದರೆ ನಾರು ಕೂಡ ಹಿಂದೆಗೆಯಬಹುದು. ಎಪ್ಪತ್ತು ಕಿಲೋಗ್ರಾಂ ತೂಗುವವರಿಗೆ ಶೇಕಡ ೫ ಎಂದರೆ ಮೂರೂವರೆ ಕಿಲೋಗ್ರಾಂ. ಉಪವಾಸ ಬಿದ್ದು ಒಂದು ವಾರದಲ್ಲಿ ಇಳಿಸತಕ್ಕದ್ದಲ್ಲ, ತಿಂಗಳುಗಳಲ್ಲಿ ಇಳಿಸತಕ್ಕದ್ದು. ತೆಳ್ಳಗಿದ್ದೂ ಹೊಟ್ಟೆಯ ಸುತ್ತ ಕೊಬ್ಬಿರುವವರು ನಮ್ಮಲ್ಲಿ ಬಹಳ. ಅವರು ತೂಕಕ್ಕಿಂತ ಸೊಂಟದ ಸುತ್ತಳತೆಯನ್ನು ಗಮನಿಸಬೇಕು. ಭಾರತೀಯ ಗಂಡಸರಿಗೆ ೯೦ ಸೆಂಟಿಮೀಟರು, ಹೆಂಗಸರಿಗೆ ೮೦ ಎಂಬುದು ಎಚ್ಚರಿಕೆಯ ಗೆರೆ.

ಇಲ್ಲಿ ಒಂದು ಸೊಗಸಾದ ಸಂಗತಿಯುಂಟು. ಯಕೃತ್ತಿನ ಕೊಬ್ಬನ್ನು ಅಳೆಯಲು ಲಕ್ಷಗಟ್ಟಲೆ ಬೆಲೆಯ ಯಂತ್ರ ಬೇಕು; ಆದರೂ ಅಳತೆ ತೊದಲುತ್ತದೆ. ಮೈತೂಕವನ್ನು ಅಳೆಯಲು ಮನೆಯ ತಕ್ಕಡಿ ಸಾಕು. ನೀರು ಊಟಗಳಿಂದಾಗುವ ದಿನದ ಏರಿಳಿತ ಒಂದು ಕಿಲೋಗ್ರಾಮಿನ ಸುಮಾರು. ಮೂರೂವರೆ ಕಿಲೋಗ್ರಾಮಿನ ಇಳಿತ ಅದನ್ನು ಮೀರಿ ಸ್ಪಷ್ಟವಾಗಿ ಕಾಣುತ್ತದೆ. ರೋಗವನ್ನು ಅಳೆಯುವುದಕ್ಕಿಂತ ಪಥ್ಯವನ್ನು ಅಳೆಯುವುದು ಸುಲಭ. ಅನಿಶ್ಚಿತವಾದುದನ್ನು ಕುರಿತು ಚಿಂತಿಸುವ ಹೊತ್ತನ್ನು ನಿಶ್ಚಿತವಾಗಿ ಅಳೆಯಬಲ್ಲುದಕ್ಕೆ ವಿನಿಯೋಗಿಸುವುದು ವಿವೇಕ. ಇದರ ಜೊತೆಗೆ ವೈದ್ಯರು ಹೇಳಿದ ತಿಂಗಳಿಗೆ ಮರುಪರೀಕ್ಷೆ ಆಗಬೇಕು. ಯಾರೋ ಹೇಳಿದ ಕಷಾಯ ಗುಳಿಗೆಗಳನ್ನು ಮಾತ್ರ ದೂರವಿಡಬೇಕು. ಅವುಗಳಲ್ಲಿ ಕೆಲವು ಯಕೃತ್ತಿಗೇ ಪೆಟ್ಟು ಕೊಡುತ್ತವೆ. ಕಣ್ಣು ಹಳದಿಯಾಗುವುದು, ಹೊಟ್ಟೆಯುಬ್ಬಿ ನೀರು ತುಂಬುವುದು, ರಕ್ತವಾಂತಿಯಾಗುವುದು, ಬುದ್ಧಿ ಮಸಕಾಗುವುದು, ಇವುಗಳಲ್ಲಿ ಒಂದು ಕಂಡರೂ ಅನಿಶ್ಚಯದ ಮಾತನ್ನು ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಎರಡು ಕೋರಿಕೆಗಳೊಡನೆ ಮುಗಿಸುತ್ತೇನೆ. ಮೊದಲನೆಯದು ಪ್ರಯೋಗಾಲಯಗಳಿಗೆ. ವೈದ್ಯಕೀಯ ಪ್ರಯೋಗಾಲಯಗಳ ಐ.ಎಸ್.ಒ. ೧೫೧೮೯ ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ, ಅಳತೆಯ ಅನಿಶ್ಚಯವನ್ನು ಪ್ರಯೋಗಾಲಯವು ಲೆಕ್ಕ ಹಾಕಿರಬೇಕು, ಕೇಳಿದವರಿಗೆ ತಿಳಿಸಬೇಕು. ಕೇಳಿದವರಿಗೆ ಮಾತ್ರ ಏಕೆ? ೪೨ ಎಂದು ಮುದ್ರಿಸುವ ಬದಲು, ಇಷ್ಟರಿಂದ ಇಷ್ಟರವರೆಗೆ ಎಂದು ಮುದ್ರಿಸಿದರೆ ಒಂದು ಗೆರೆಯಷ್ಟು ಮಸಿ ಹೆಚ್ಚು ಖರ್ಚಾದೀತು. ಎಷ್ಟೋ ಮನೆಗಳ ನಿದ್ದೆ ಉಳಿದೀತು.

ಎರಡನೆಯದು ಶಿಕ್ಷಣದ ವ್ಯವಸ್ಥಾಪಕರಿಗೆ. ೨೦೨೨ರಲ್ಲಿ ಎನ್.ಸಿ.ಇ.ಆರ್.ಟಿ. ಸಂಸ್ಥೆಯು ಪಠ್ಯಭಾರವನ್ನು ಇಳಿಸುವಾಗ ಹನ್ನೊಂದನೆಯ ತರಗತಿಯ ಭೌತಶಾಸ್ತ್ರದಿಂದ ಅಳತೆಯ ದೋಷಗಳ ಭಾಗವನ್ನು ತೆಗೆದುಹಾಕಿತು. ಭಾರ ಇಳಿಯಲಿ, ಆದರೆ ಇಳಿಸತಕ್ಕ ಭಾರ ಇದಾಗಿರಲಿಲ್ಲ. ಸರಳ ಲೋಲಕದ ಇಪ್ಪತ್ತು ಆಂದೋಲನಗಳ ಕಾಲವನ್ನು ಮೂರು ಸಲ ಅಳೆದು ಸರಾಸರಿ ತೆಗೆಯುವ ವಿದ್ಯಾರ್ಥಿ, ಏಕೆ ಮೂರು ಸಲ ಎಂಬುದನ್ನು ಅರಿಯದೆ ಹೋದರೆ, ನಾಳೆ ತಂದೆಯ ವರದಿಯನ್ನು ಒಂದೇ ಸಲ ಓದಿ ತೀರ್ಪು ಕೊಡುತ್ತಾನೆ. ಪಠ್ಯದಲ್ಲಿ ಇಲ್ಲದಿದ್ದರೂ ಇದನ್ನು ಕಲಿಯಲು ಯಾರ ಅಪ್ಪಣೆಯೂ ಬೇಕಿಲ್ಲ. ಮನೆಯಲ್ಲಿರುವ ಹಳೆಯ ವರದಿಗಳನ್ನು ಈ ಭಾನುವಾರ ಹೊರತೆಗೆಯಿರಿ. ತಾರೀಖಿನ ಕ್ರಮದಲ್ಲಿ ಜೋಡಿಸಿ, ಒಂದು ನಕ್ಷಾಹಾಳೆಯ ಮೇಲೆ ಚುಕ್ಕೆಗಳನ್ನಿಟ್ಟು ನೋಡಿ. ಆ ಹಾಳೆಯನ್ನು ಮುಂದಿನ ಸಲ ವೈದ್ಯರ ಬಳಿಗೆ ಹೋಗುವಾಗ ಹಿರಿಯರ ಕೈಗೆ ಕೊಟ್ಟು ಕಳುಹಿಸಿ.